ಬಾಗಿಲು ತಟ್ಟುವ ದೃಶ್ಯ

"ಗುರುಗಳೇ, ನೀವು ಹೇಳುವ ಮಾತು ಹತ್ತು ಜನರ ಕಿವಿಗೆ ಬೀಳುತ್ತದೆ. ಅವರಲ್ಲೂ ನಾಲ್ವರು ತೂಕಡಿಸುತ್ತಿರುತ್ತಾರೆ. ಅದನ್ನೇ ನಾಟಕ ಮಾಡಿ ಆಡಿಸಿದರೆ ಊರಿಗೆ ಊರೇ ಅತ್ತು ಮನಸ್ಸು ತಿದ್ದಿಕೊಳ್ಳುವುದಿಲ್ಲವೇ?" ಎಂದು ಶಿಷ್ಯನೊಬ್ಬ ಕೇಳಿದ. ಅವನು ಆಗಲೇ ಒಂದು ನಾಟಕ ಬರೆದಿದ್ದ. ಅಪ್ಪಣೆ ಸಿಕ್ಕರೆ ಅಂದೇ ಕಂಪನಿಯೊಂದನ್ನು ಸೇರುವ ಆತುರದಲ್ಲಿದ್ದ.

ಗುರುಗಳು ನಕ್ಕರು. "ತೂಕಡಿಸುವವರು ಯಾರಯ್ಯಾ? ನನ್ನ ಮಾತು ಕೇಳಿ ಮಂಟಪದ ಕಲ್ಲುಕಂಬ ತಲೆದೂಗಿದ್ದುಂಟು. ಸತ್ತವನೊಬ್ಬ ಚಟ್ಟದ ಮೇಲೆ ಎದ್ದು ಕೂತು, ಇದೊಂದು ಮುಗಿಯಲಿ, ಕೇಳಿಕೊಂಡೇ ಹೋಗುತ್ತೇನೆ ಅಂದದ್ದುಂಟು. ಇರಲಿ, ನನ್ನ ಪ್ರತಾಪ ಹೇಳುತ್ತ ಕೂತರೆ ಬೆಳಗಾದೀತು. ನನ್ನ ಅರ್ಧದಷ್ಟು ಬುದ್ಧಿಯಿದ್ದ ಒಬ್ಬ ತತ್ತ್ವಜ್ಞಾನಿಯಿದ್ದ. ಅಂದರೆ ಮಹಾ ಬುದ್ಧಿವಂತ. ಅವನ ಕತೆ ಕೇಳು."

ಆ ತತ್ತ್ವಜ್ಞಾನಿಯನ್ನು ವಾದದಲ್ಲಿ ಸೋಲಿಸಿದವರಿರಲಿಲ್ಲ. ಒಂದು ಸಲ ಅರಮನೆಯಲ್ಲಿ, ಸಾವು ಎಂಬುದು ಇದೆಯೋ ಇಲ್ಲವೋ ಎಂದು ವಾದ ನಡೆಯಿತು. ಇವನು ಇಲ್ಲವೆಂದು ಸಾಧಿಸಿ, ಶಾಲು ಹೊದ್ದುಕೊಂಡು ಮನೆಗೆ ಬಂದ. ಹೆಂಡತಿ ಸತ್ತಿದ್ದಳು.

ಅವನಿಲ್ಲದಾಗ ಅವಳಿಗೆ ಜ್ವರ ಬಂದಿತ್ತು. ಮನೆಯಲ್ಲಿ ಒಬ್ಬಳೇ. ಒಂದು ಲೋಟ ಗಂಜಿಗಾಗಿ ಬೀದಿಯ ಬಾಗಿಲುಗಳನ್ನೆಲ್ಲ ತಟ್ಟಿದಳು. ಜ್ವರ ಅಂಟೀತೆಂದು ಯಾರೂ ತೆರೆಯಲಿಲ್ಲ.

ತತ್ತ್ವಜ್ಞಾನಿ ಊರವರನ್ನು ಬೈಯಲಿಲ್ಲ. ಇನ್ನೊಬ್ಬರಿಗೆ ಹೀಗಾಗಬಾರದು ಎಂದು ಒಂದು ಗ್ರಂಥ ಬರೆದ. ಅದನ್ನು ಕೊನೆಯ ಪುಟದವರೆಗೆ ಓದಿದ್ದು ಗೆದ್ದಲು ಮಾತ್ರ. ಆಗ ಅವನು ನಾಟಕಕ್ಕೆ ಕೈಹಾಕಿದ. ಹಳೆಯ ನಾಟಕವೊಂದರಲ್ಲಿ ಜ್ವರದ ಹೆಂಗಸೊಬ್ಬಳು ಬಾಗಿಲು ತಟ್ಟುತ್ತಾಳೆ, ಪುಣ್ಯಾತ್ಮನೊಬ್ಬ ತೆರೆಯುತ್ತಾನೆ, ಎಲ್ಲರೂ ಸೇರಿ ಮಂಗಳ ಹಾಡುತ್ತಾರೆ. ಇವನು ಅದನ್ನು ತಿದ್ದಿದ. ಈಗ ಯಾರೂ ಬಾಗಿಲು ತೆರೆಯುವುದಿಲ್ಲ. ಹೆಂಗಸು ಹೊಸ್ತಿಲ ಮೇಲೆ ಸಾಯುತ್ತಾಳೆ. ಮಂಗಳವಿಲ್ಲ.

ಊರಿನಲ್ಲಿ ಡೇರೆ ಹಾಕಿದ್ದ ಕಂಪನಿ ಅದನ್ನು ಆಡಿತು. ಜನ ಅತ್ತರು ನೋಡು! ಮುಂದಿನ ಸಾಲಿನವರು ಪಂಚೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಬೇಕಾಯಿತು. ಡೇರೆಯಿಂದ ಹೊರಕ್ಕೆ ಕಾಲುವೆ ತೋಡಿದರು. ಆ ನೀರಿನಲ್ಲಿ ನಾನೇ ಭತ್ತ ನೆಟ್ಟೆ. ಅನ್ನಕ್ಕೆ ಉಪ್ಪು ಹಾಕುವ ಕೆಲಸವೇ ಇರಲಿಲ್ಲ.

"ಉಪ್ಪುನೀರಿಗೆ ಭತ್ತ ಬರುತ್ತದೆಯೇ, ಗುರುಗಳೇ?"

"ನಾನು ನೆಟ್ಟರೆ ಬರುತ್ತದೆ. ಮಧ್ಯೆ ಬಾಯಿ ಹಾಕಬೇಡ."

ನಟಿ ಸತ್ತು ಬಿದ್ದೊಡನೆ ಜನ "ವನ್ಸ್ ಮೋರ್!" ಎಂದು ಕೂಗಿದರು. ಕೂಗಿದರೆ ಮತ್ತೆ ಆಡುವುದು ಕಂಪನಿಯ ಪದ್ಧತಿ. ಅವಳು ಎದ್ದು, ಸೆರಗಿನ ಧೂಳು ಕೊಡವಿ, ಮತ್ತೆ ಬಾಗಿಲು ತಟ್ಟಿ, ಮತ್ತೆ ಹಾಡಿ, ಮತ್ತೆ ಸತ್ತಳು. ಜನ ಮತ್ತೆ ಅತ್ತರು.

ತತ್ತ್ವಜ್ಞಾನಿಗೆ ಸಮಾಧಾನವಾಗಲಿಲ್ಲ. ಇವರು ಅಳುವುದು ಹಾಡಿಗೆ, ಜ್ವರಕ್ಕಲ್ಲ ಎಂದುಕೊಂಡು ಹಾಡನ್ನು ತೆಗೆದುಹಾಕಿದ. ನಟಿಯನ್ನು ರಂಗದಿಂದ ಕೆಳಗಿಳಿಸಿ ಜನರ ನಡುವೆ ನಿಲ್ಲಿಸಿದ. "ಇದು ನಾಟಕ ಅಲ್ಲ, ಅಣ್ಣ. ನನಗೆ ನಿಜವಾಗಿ ಜ್ವರ. ಹಣೆ ಮುಟ್ಟಿ ನೋಡಿ" ಎಂದು ಹೇಳಿಸಿದ. ಜನ ಬೆಚ್ಚಿಬಿದ್ದರು. ಅದಕ್ಕೂ ವನ್ಸ್ ಮೋರ್ ಆಯಿತು. ಅವನು ಮತ್ತೆ ತಿದ್ದಿದ. "ಬಾಯಿಪಾಠದ ಮಾತು ಅಂತ ಅನ್ಕೋಬೇಡಿ" ಎಂಬುದನ್ನೂ ಸೇರಿಸಿದ. ಆಟದಿಂದ ಆಟಕ್ಕೆ ತಿದ್ದುತ್ತ ಹೋದ. ಜ್ವರ ಬಂದವರು ಹೇಳಬಹುದಾದ ಒಂದು ಮಾತನ್ನೂ ಹೊರಗೆ ಬಿಡಲಿಲ್ಲ.

ಕೊನೆಗೂ ಊರು ಕರಗಿತು. ಅದು ಸುಳ್ಳಲ್ಲ. ಜವಳಿ ವ್ಯಾಪಾರಿಯೊಬ್ಬ ಡೇರೆಯ ಮುಂದೆ, ಎಲ್ಲರೂ ನೋಡುತ್ತಿರುವಾಗಲೇ ತತ್ತ್ವಜ್ಞಾನಿಯ ಕಾಲು ಹಿಡಿದ. "ಸ್ವಾಮಿ, ನಿಮ್ಮ ಮನೆಯವರು ಬಂದು ತಟ್ಟಿದ ದಿನ ನಾನು ಒಳಗೇ ಇದ್ದೆ. ಇನ್ನು ಮೇಲೆ ಬೀದಿನಾಯಿ ಬಂದು ಕೆರೆದರೂ ಬಾಗಿಲು ತೆಗೀತೀನಿ." ಊರವರೆಲ್ಲ ಹೌದು ಹೌದು ಎಂದರು. ಹೆಂಡತಿ ಸತ್ತ ಮೇಲೆ ಮೊದಲ ಬಾರಿ ತತ್ತ್ವಜ್ಞಾನಿ ಹೊಟ್ಟೆ ತುಂಬ ಉಂಡ.

ಒಂದು ದಿನ ಆಟಕ್ಕೆ ಬಿಡುವಿತ್ತು. ಕಂಪನಿಯವರು ಪಕ್ಕದೂರಿನ ಮದುವೆಗೆ ಹೋದರು. ಆ ನಟಿ ಮಾತ್ರ ಮೈ ಸರಿಯಿಲ್ಲವೆಂದು ಡೇರೆಯಲ್ಲೇ ಉಳಿದಳು. ಮಧ್ಯಾಹ್ನಕ್ಕೆ ಜ್ವರ ಏರಿತು. ವ್ಯಾಪಾರಿ ಆಡಿದ ಮಾತನ್ನು ಅವಳೂ ಕೇಳಿದ್ದಳು. ಗೋಡೆ ಹಿಡಿದುಕೊಂಡು ಹೋಗಿ ಅವನ ಬಾಗಿಲು ತಟ್ಟಿದಳು.

"ಅಣ್ಣ, ಜ್ವರ ಬಂದಿದೆ. ಒಂದು ಲೋಟ ಗಂಜಿ ಕೊಡಿ."

ವ್ಯಾಪಾರಿ ಹೆಂಡತಿಯನ್ನು ಕೂಗಿದ. "ಬಾರೇ ಇಲ್ಲಿ, ಬೇಗ ಬಾ! ಬಿಡುವಿನ ದಿನವೂ ತಾಲೀಮು ಬಿಟ್ಟಿಲ್ಲ ನೋಡು ಪುಣ್ಯಾತ್ಗಿತ್ತಿ. ಇಷ್ಟು ದೊಡ್ಡ ಬೀದಿಯಲ್ಲಿ ನಮ್ಮ ಬಾಗಿಲೇ ಬೇಕಾಯ್ತು ಅವಳಿಗೆ!"

"ಇದು ನಾಟಕ ಅಲ್ಲ, ಅಣ್ಣ. ನನಗೆ ನಿಜವಾಗಿ ಜ್ವರ."

ವ್ಯಾಪಾರಿಯ ಕೈ ಚಿಲಕಕ್ಕೆ ಹೋಯಿತು. ಹೆಂಡತಿ ಹಿಡಿದುಕೊಂಡಳು. "ಅಯ್ಯೋ, ತೆಗೀಬೇಡಿ ಅಂದ್ರೆ! ನೀವು ತೆಗೆದುಬಿಟ್ಟರೆ ಅವಳು ಮುಂದೆ ಸಾಯೋದು ಹೇಗೆ?"

ಇಬ್ಬರೂ ಬಾಗಿಲಿಗೆ ಕಿವಿಯಿಟ್ಟು ಕಣ್ಣೊರೆಸಿಕೊಂಡರು. ಪಕ್ಕದ ಮನೆಯಲ್ಲೂ ಅತ್ತರು. ಎದುರು ಮನೆಯ ಅಜ್ಜಿ ಕಿಟಕಿಯಿಂದಲೇ "ವನ್ಸ್ ಮೋರ್" ಎಂದಳು. ನಟಿ ಬೇರೆ ಮಾತಿಗಾಗಿ ತಡಕಾಡಿದಳು. ನಾಲಿಗೆಗೆ ಬಂದ ಮಾತೆಲ್ಲ ನಾಟಕದ್ದಾಗಿತ್ತು.

ಬೀದಿಯ ಕೊನೆಯ ಮನೆ ತತ್ತ್ವಜ್ಞಾನಿಯದು. ಅವನು ಒಳಗೆ ಬರೆಯುತ್ತ ಕೂತಿದ್ದ. ಬಾಗಿಲು ಸದ್ದಾಯಿತು.

"ಸ್ವಾಮಿ, ನಾನು. ಬಾಯಿಪಾಠದ ಮಾತು ಅಂತ ಅನ್ಕೋಬೇಡಿ."

ಅವನು ಬರೆಯುವುದನ್ನು ನಿಲ್ಲಿಸಿ ತಲೆದೂಗಿದ. "ದನಿ ಈಗ ಸರಿಹೋಯಿತು, ತಾಯಿ. ಕೊನೆಯ ಸಲ ತಟ್ಟುವಾಗ ಮಾತ್ರ ಕೈ ಇನ್ನಷ್ಟು ಸೋತಿರಲಿ" ಎಂದ, ಕೂತಲ್ಲಿಂದಲೇ.

ಅವಳು ಇನ್ನೊಂದು ಸಲ ತಟ್ಟಿದಳು. ಅವನು ಹೇಳಿದ ಹಾಗೆಯೇ ಇತ್ತು.

ಸಂಜೆ ಅವನು ಬಾಗಿಲು ತೆರೆದಾಗ ಅವಳು ಹೊಸ್ತಿಲ ಮೇಲಿದ್ದಳು. ಉಸಿರಿರಲಿಲ್ಲ. ಸುದ್ದಿ ಹರಡಿ ಊರೆಲ್ಲ ಬಂದು ಸೇರಿತು. ಯಾರೂ ಅಳಲಿಲ್ಲ. ಅವಳು ಎದ್ದು ಸೆರಗು ಕೊಡವುತ್ತಾಳೆಂದು ಬಹಳ ಹೊತ್ತು ಕಾದರು.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಶಿಷ್ಯ ಕಣ್ಣೊರೆಸಿಕೊಂಡ. "ಆಮೇಲೆ ಅವನು ನಾಟಕ ಬರೆಯುವುದನ್ನು ಬಿಟ್ಟನೇ, ಗುರುಗಳೇ?"

"ಎಲ್ಲಿಯ ಬಿಡುವುದು, ಮಗು, ಆ ಮಧ್ಯಾಹ್ನವನ್ನೂ ನಾಟಕಕ್ಕೆ ಸೇರಿಸಿದ, ಜನ ಈಗ ಅಲ್ಲಿಗೇ ಹೆಚ್ಚು ಅಳುತ್ತಾರೆ."