ದುಗ್ಗಿ ಅಡ್ಡ ತಿರುಗಿದ ದಿನ

ಲೋಕಕ್ಕೆ ಇನ್ನೂ ಹಸಿ ವಾಸನೆ ಇದ್ದ ಕಾಲ ಅದು. ಆಕಾಶಕ್ಕೆ ಬಳಿದ ನೀಲಿ ಒಣಗಿರಲಿಲ್ಲ, ಹಾರಿದ ಹಕ್ಕಿಯ ರೆಕ್ಕೆಗೆ ಹತ್ತುತ್ತಿತ್ತು. ಮಿಂಚುಳ್ಳಿಯ ರೆಕ್ಕೆಗೆ ಹತ್ತಿದ್ದು ಇವತ್ತಿಗೂ ಹೋಗಿಲ್ಲ.

ಇದೆಲ್ಲ ನಿಮಗೆ ಹೇಗೆ ಗೊತ್ತು ಎಂದು ನನ್ನ ಮೊಮ್ಮಗಳು ಇಂಚರಾ ಕೇಳುತ್ತಾಳೆ. ನನಗಲ್ಲದೆ ಇನ್ಯಾರಿಗೆ ಗೊತ್ತಿರಬೇಕು? ನಾನು ಶಾಲೆಯ ಮೆಟ್ಟಿಲು ಹತ್ತಿದವನಲ್ಲ, ನಿಜ. ಆದರೆ ಒಂದು ಸಲ ನಾನು ಬೀಸಿದ ಬಲೆಗೆ ಬಿದಿಗೆಯ ಚಂದ್ರ ಬಿದ್ದಿದ್ದ. ಇನ್ನೂ ಮರಿ, ಬೆಳೆಯಲಿ ಪಾಪ ಎಂದು ನಾನೇ ಬಿಟ್ಟುಬಿಟ್ಟೆ. ಹುಣ್ಣಿಮೆಗೆ ಎಷ್ಟು ದೊಡ್ಡವನಾದ ಎಂದು ಊರೆಲ್ಲ ನೋಡಿತು. ಅಂಥ ನನ್ನ ಹತ್ತಿರ ಸಮುದ್ರ ಏನನ್ನಾದರೂ ಮುಚ್ಚಿಡುತ್ತದೆಯೇ?

ಇವತ್ತು ಬೆಳಿಗ್ಗೆ ಇಂಚರಾ ಸರ್ಫಿಂಗ್ ಹಲಗೆಯಿಂದ ಬಿದ್ದು, ಮೂಗು ಬಾಯಿಗೆಲ್ಲ ಉಪ್ಪುನೀರು ಕುಡಿದು, ನನ್ನ ಪಕ್ಕ ಬಂದು ಕೂತಳು. ಇನ್ನು ಹಲಗೆ ಹತ್ತುವುದಿಲ್ಲ ಎಂದಳು. ಕಲಿಸುವವರು ಅಲೆ ಎದ್ದ ಕೂಡಲೇ ಅಡ್ಡ ತಿರುಗು ಅನ್ನುತ್ತಾರಂತೆ. ಇವಳಿಗೆ ನೆಟ್ಟಗೆ ದಡಕ್ಕೇ ಬರಬೇಕಂತೆ. ಅಷ್ಟರಲ್ಲಿ ನಮ್ಮ ಕಾಲಿನ ಮುಂದೆ ಒಂದು ಏಡಿ ಅಡ್ಡಡ್ಡ ಓಡಿ, ಅಡುಂಬು ಬಳ್ಳಿಯ ಬುಡದ ಬಿಲದಲ್ಲಿ ಮಾಯವಾಯಿತು.

"ಅದು ಎಂತಕ್ಕೆ ಹಾಗೆ ಓಡುವುದು ಅಜ್ಜಯ್ಯ?"

ಕೇಳಬೇಕಾದದ್ದನ್ನೇ ಕೇಳಿದೆ, ಕೂತ್ಕೋ ಎಂದೆ.

ಆ ಕಾಲದಲ್ಲಿ ಮರಳಿಗೆ ನಿಂತಲ್ಲಿ ನಿಲ್ಲುವ ಗುಣ ಇರಲಿಲ್ಲ. ಗಾಳಿ ಕರೆದರೆ ಗಾಳಿಯ ಹಿಂದೆ, ನೀರು ಕರೆದರೆ ನೀರಿನ ಹಿಂದೆ. ಬೆಳಿಗ್ಗೆ ಇಲ್ಲಿದ್ದ ದಿಬ್ಬ ಸಂಜೆಗೆ ಪಕ್ಕದ ಊರಿನಲ್ಲಿ. ದಂಡೆಯಲ್ಲಿ ಒಂದು ಹುಲ್ಲು ಇಲ್ಲ, ಒಂದು ಬಳ್ಳಿ ಇಲ್ಲ. ಕೆಂಪು ಮಣ್ಣು ಶುರುವಾಗುವಲ್ಲಿ ಒಂದೇ ಒಂದು ತೆಂಗಿನ ಮರ.

ಏಡಿಗಳು ಆಗಲೂ ಮರಳಿನಲ್ಲೇ ಬಿಲ ತೋಡುತ್ತಿದ್ದವು. ಆದರೆ ನಡೆಯುತ್ತಿದ್ದದ್ದು ನೆಟ್ಟಗೆ, ದಾರ ಹಿಡಿದು ಗೆರೆ ಎಳೆದ ಹಾಗೆ. ಅದೇ ಅವುಗಳ ಕುಲದ ದೊಡ್ಡಸ್ತಿಕೆ. ಹಾವು ಡೊಂಕು, ಕಪ್ಪೆ ಕುಪ್ಪಳ, ನೆಟ್ಟಗೆ ನಡೆಯುವವರು ನಾವು ಮಾತ್ರ ಎಂದು ಹಿರಿಯ ಏಡಿ ಸೂರಮಾವ ದಿನಕ್ಕೊಮ್ಮೆಯಾದರೂ ಹೇಳಲೇಬೇಕು. ಆ ಕುಲದಲ್ಲಿ ತಾಯಿಯ ಅಣ್ಣನ ಮಾತೇ ಮಾತು.

ಸೂರಮಾವನ ತಂಗಿಗೆ ಒಬ್ಬಳು ಮಗಳಿದ್ದಳು, ದುಗ್ಗಿ ಅಂತ. ಗೋಲಿಯಷ್ಟು ದೊಡ್ಡವಳು. ಹಟ ಮಾತ್ರ ತಿಮಿಂಗಿಲದಷ್ಟು.

ಒಂದು ದಿನ ದುಗ್ಗಿಯ ಅಮ್ಮ ಹಳೆಯ ಚಿಪ್ಪು ಕಳಚಿದಳು. ಏಡಿಗಳು ಬೆಳೆಯುವುದೇ ಹಾಗೆ. ಹೊಸ ಚಿಪ್ಪು ಗಟ್ಟಿಯಾಗುವ ತನಕ ಮೈಯೆಲ್ಲ ಬೆಣ್ಣೆ. ನಡೆಯಲಿಕ್ಕಾಗದು, ಕಚ್ಚಲಿಕ್ಕಾಗದು, ಬಿಲದೊಳಗೆ ಸುಮ್ಮನೆ ಮಲಗಿರಬೇಕು.

ಆದರೆ ಬಿಲ ನಿಂತರೆ ತಾನೇ? ದುಗ್ಗಿ ತೋಡುವುದು, ಮರಳು ಜಾರುವುದು. ಮತ್ತೆ ತೋಡುವುದು, ಮತ್ತೆ ಜಾರುವುದು. ಮೇಲೆ ಗರುಡ ಸುತ್ತು ಹಾಕುತ್ತಿತ್ತು. ಕೆಳಗೆ ನೀರು ಮೆಲ್ಲಗೆ ಏರುತ್ತಿತ್ತು. ಮರುದಿನ ಅಮಾಸೆ. ಅಮಾಸೆಯ ಉಬ್ಬರ ಬಂದರೆ ಮರಳು ಪೂರ್ತಿ ಹೊರಟುಹೋಗುತ್ತದೆ, ಜೊತೆಗೆ ಅಮ್ಮನೂ.

ದುಗ್ಗಿ ಮರಳನ್ನು ಬೇಡಿಕೊಂಡಳು. ಅಮ್ಮನ ಚಿಪ್ಪು ಗಟ್ಟಿಯಾಗುವ ತನಕ ಒಂದು ಕಡೆ ಕೂತಿರು ಎಂದಳು.

"ನಾನು ಬೇಕೆಂದು ಹೋಗುತ್ತೇನಾ ಮಗಾ?" ಎಂದಿತು ಮರಳು. "ನನ್ನಪ್ಪ ಬಂಡೆ, ಕೂತರೆ ಕೂತ. ನಾನು ಪುಡಿ. ಹಿಡಿದುಕೊಳ್ಳುವವರಿದ್ದರೆ ನಾನೂ ಕೂರುತ್ತಿದ್ದೆ."

ಹಿಡಿದುಕೊಳ್ಳುವವರು ಯಾರು ಎಂದು ಕೇಳಲು ದುಗ್ಗಿ ತೆಂಗಿನ ಮರದ ಹತ್ತಿರ ಹೋದಳು. ತೆಂಗಜ್ಜ ಕತ್ತು ಉದ್ದ ಮಾಡಿ ದೂರ ನೋಡಿದ. ಸಮುದ್ರದ ನಡುವೆ ಒಂದು ಬಂಡೆ ಇದೆ, ಅದರ ಮೇಲೆ ಅಡುಂಬು ಎಂಬ ಬಳ್ಳಿ ಇದೆ, ಅದು ಹಿಡಿದರೆ ಬಿರುಗಾಳಿಗೂ ಬಿಡಿಸಲಿಕ್ಕಾಗದು ಎಂದ. ದಂಡೆಗೆ ಬರುವ ಆಸೆ ಅದಕ್ಕೂ ಇದೆಯಂತೆ. ಎಷ್ಟು ಕುಡಿ ಮುರಿದು ತೇಲಿಬಿಟ್ಟರೂ ದಡದ ಅಲೆ ಎಲ್ಲವನ್ನೂ ಜಜ್ಜಿ ಹಿಂದಕ್ಕೆ ಎಳೆದುಬಿಡುತ್ತದಂತೆ.

"ತರುತ್ತೇನೆ," ಎಂದಳು ದುಗ್ಗಿ.

"ಗೋಲಿಯಷ್ಟಿದ್ದೀಯಲ್ಲೇ ಮಾರಾಯ್ತಿ."

"ಅಮ್ಮ ಈಗ ನನಗಿಂತ ಮೆತ್ತಗಿದ್ದಾಳೆ ಅಜ್ಜ."

ತೆಂಗಜ್ಜ ಒಂದು ಒಣಗಿದ ಕೊತ್ತಳಿಗೆ ಕೆಳಗೆ ಹಾಕಿದ. ಗರಿಯ ಬುಡದ ಅಗಲದ ತುಂಡು, ನೀವು ಮಕ್ಕಳು ಕ್ರಿಕೆಟ್ ಆಡುತ್ತೀರಲ್ಲ, ಅದೇ. ಲೋಕದ ಮೊದಲನೇ ಸರ್ಫಿಂಗ್ ಹಲಗೆ ಅದು. ಈಗಿನವರು ಎಲ್ಲಿಂದಲೋ ತರಿಸುತ್ತಾರೆ.

ಬೆಳಗಿನ ಮೂಡುಗಾಳಿ ದೋಣಿಗಳನ್ನು ಕಡಲೊಳಗೆ ತಳ್ಳುವ ಹಾಗೆ ದುಗ್ಗಿಯನ್ನೂ ತಳ್ಳಿಕೊಂಡು ಹೋಯಿತು. ಬಂಡೆ ಮುಟ್ಟಿದಳು. ಆ ಬಂಡೆ ಈಗಲೂ ಇದೆ. ನಾನು ಬೀಡಿ ಕಚ್ಚಿಕೊಂಡು ಅಲ್ಲಿಗೆ ಈಜಿ ಹೋಗಿ, ಬೀಡಿ ಆರುವ ಮೊದಲೇ ಹಿಂದಕ್ಕೆ ಬಂದವನು. ಬೇಕಾದರೆ ಸಮುದ್ರವನ್ನೇ ಕೇಳಿ.

ಅಡುಂಬು ಒಂದು ಎಳೆಯ ಕುಡಿ ಮುರಿದು ಕೊಟ್ಟಿತು. ತುದಿಯಲ್ಲಿ ಒಂದೇ ಎಲೆ. ಆಗ ಅಡುಂಬಿನ ಎಲೆ ತಾವರೆ ಎಲೆಯ ಹಾಗೆ ಗುಂಡಗಿತ್ತು, ಸೀಳು ಇರಲಿಲ್ಲ. ದುಗ್ಗಿ ಆ ಎಲೆಯ ತುದಿಯನ್ನೇ ಮುಂಗಾಲಿನ ಇಕ್ಕುಳದಂಥ ಕೊಂಬಿನಲ್ಲಿ ಕಚ್ಚಿ ಹಿಡಿದಳು.

"ಬಿಡುತ್ತೀಯಾ?" ಎಂದು ಕೇಳಿತು ಅಡುಂಬು.

"ಬಿಡುವುದಿಲ್ಲ."

ಪಡುಗಾಳಿ ಎದ್ದಿತು. ದುಗ್ಗಿ ಕೊತ್ತಳಿಗೆಯ ಮೇಲೆ ನಿಂತು ದಡದ ಕಡೆ ತಿರುಗಿದಳು. ದಡದಲ್ಲಿ ಕುಲವೆಲ್ಲ ಸೇರಿತ್ತು. ನೆಟ್ಟಗೆ ಬಾ ಎಂದು ಸೂರಮಾವ ಕೂಗುತ್ತಿದ್ದ. ದುಗ್ಗಿ ನೆಟ್ಟಗೇ ಬಂದಳು. ಹಿಂದೆ ಅಲೆ ಎದ್ದಿತು, ಬಾಗಿತು, ಸರಿಯಾಗಿ ನೆತ್ತಿಯ ಮೇಲೆ ಬಿದ್ದಿತು. ಕೊತ್ತಳಿಗೆ ಒಂದು ಕಡೆ, ದುಗ್ಗಿ ಒಂದು ಕಡೆ. ಸೆಳವು ಇಬ್ಬರನ್ನೂ ಹಿಂದಕ್ಕೆ ಎಳೆದುಕೊಂಡು ಹೋಯಿತು.

ಎಲೆ ಮಾತ್ರ ಕೊಂಬಿನಲ್ಲೇ ಇತ್ತು.

ಮತ್ತೆ ಹತ್ತಿದಳು, ಮತ್ತೆ ನೆಟ್ಟಗೆ ಬಂದಳು, ಅಲೆ ಮತ್ತೆ ನೆತ್ತಿಯ ಮೇಲೆಯೇ ಬಿದ್ದಿತು. ಮತ್ತೆ ಹತ್ತಿದಳು. ಕಡಲಕಾಗೆಗಳು ನೋಡಿ ನೋಡಿ ಸಾಕಾಗಿ ಊಟಕ್ಕೆ ಹೋದವು. ದುಗ್ಗಿ ಹತ್ತುವುದನ್ನು ನಿಲ್ಲಿಸಲಿಲ್ಲ. ಒಂದು ಕಾಲು ಮುರಿಯಿತು. ಎಲೆ ಕೊಂಬಿನಲ್ಲೇ ಇತ್ತು.

ಕಡೆಗೆ ಅವಳಿಗೆ ಸಿಟ್ಟು ಬಂತು. "ಅಲೆಯಕ್ಕ, ನಾನು ನಿನಗೆ ಏನು ಮಾಡಿದ್ದೇನೆ?"

ಅಲೆಗೆ ಬೇಜಾರಾಯಿತು. "ನಾನೂ ದಡಕ್ಕೇ ಹೊರಟವಳು ಮಗಾ. ನೀನು ನನ್ನ ಮುಂದೆ ನೆಟ್ಟಗೆ ಓಡಿದರೆ ನಾನು ನಿನ್ನ ಮೇಲಲ್ಲದೆ ಎಲ್ಲಿ ಬೀಳಲಿ? ನಾನು ಒಮ್ಮೆಗೇ ಬೀಳುವವಳಲ್ಲ. ಚಾಪೆ ಸುತ್ತಿದ ಹಾಗೆ ಒಂದು ತುದಿಯಿಂದ ಇನ್ನೊಂದು ತುದಿಗೆ ಮುರಿಯುತ್ತಾ ಹೋಗುತ್ತೇನೆ. ಮುರಿಯದ ಕಡೆಗೆ ಅಡ್ಡ ಓಡು. ನಿನ್ನನ್ನು ನಾನೇ ದಡಕ್ಕೆ ಹೊತ್ತು ಹಾಕುತ್ತೇನೆ."

ಅಡ್ಡ ಓಡುವುದೆಂದರೆ ಕುಲ ಬಿಟ್ಟ ಹಾಗೆ. ದುಗ್ಗಿ ದಡ ನೋಡಿದಳು. ನೀರು ಅಮ್ಮನ ಬಿಲದ ಹತ್ತಿರ ಹತ್ತಿರ ಬಂದಿತ್ತು. ಮರಳು ಜಾರಿ ಅಮ್ಮನ ಬೆಳ್ಳಗಿನ ಮೆತ್ತನೆಯ ಬೆನ್ನು ಅರ್ಧ ಕಾಣುತ್ತಿತ್ತು. ಗರುಡ ಕೆಳಗಿಳಿದಿತ್ತು.

ಮುಂದಿನ ಅಲೆ ಎದ್ದಿತು. ದುಗ್ಗಿ ಅಡ್ಡ ತಿರುಗಿದಳು.

ದಡದಿಂದ ಸೂರಮಾವ ಬೊಬ್ಬೆ ಹಾಕಿದ. "ಸೊಟ್ಟ ಬಂದರೆ ನೀನು ನಮ್ಮವಳಲ್ಲ ದುಗ್ಗಿ."

ದುಗ್ಗಿಗೆ ಕೇಳಿಸಿತು. ಕೇಳಿಸಿದರೂ ಅವಳು ಮತ್ತೆ ನೆಟ್ಟಗೆ ತಿರುಗಲಿಲ್ಲ. ಹಿಂದೆ ಅಲೆ ಮುರಿಯುತ್ತಾ ಬಂತು, ಮುಂದೆ ಅವಳು ಓಡುತ್ತಾ ಹೋದಳು, ಹಸಿರು ಗೋಡೆಯ ಮೈಮೇಲೆ ಗೆರೆ ಎಳೆದ ಹಾಗೆ. ನಾನೇ ಅಷ್ಟು ಚೆನ್ನಾಗಿ ಹೋಗಿಲ್ಲ, ಹೆಚ್ಚುಕಮ್ಮಿ ಹೋಗಿದ್ದೇನೆ. ಅಲೆಯಕ್ಕ ಮಾತು ತಪ್ಪಲಿಲ್ಲ. ನೊರೆಯ ಜೊತೆ ಅವಳನ್ನು ಎತ್ತಿ ಅಮ್ಮನ ಬಿಲದ ಪಕ್ಕದಲ್ಲೇ ಇಳಿಸಿ ಹಿಂದಕ್ಕೆ ಸರಿದಳು. ನೊರೆ ಹಾರಿದ್ದಕ್ಕೆ ಗರುಡ ಬೆಚ್ಚಿ ಮೇಲಕ್ಕೆ ಏರಿತು.

ದುಗ್ಗಿ ಕುಡಿಯನ್ನು ಬಿಲದ ಬಾಯಿಯ ಹತ್ತಿರ ಊರಿದಳು. ಹೊಸ ಲೋಕದ ಮಣ್ಣು, ಊರಿದ್ದೇ ತಡ, ಗೆಣ್ಣು ಗೆಣ್ಣಿಗೆ ಬೇರು ಬಿಟ್ಟಿತು, ಬಳ್ಳಿ ಉದ್ದವಾಯಿತು. ಆದರೆ ಉಬ್ಬರ ಬರುವ ಮೊದಲು ಅದನ್ನು ದಂಡೆಯ ಉದ್ದಕ್ಕೂ ಎಳೆದು ಹಾಸಬೇಕು. ಒಬ್ಬಳಿಂದ ಆಗುವ ಕೆಲಸವಲ್ಲ.

"ಬಳ್ಳಿಗೆ ಕೈ ಹಾಕಿದವರಿಗೆಲ್ಲ ಇದರ ನೆರಳಿನಲ್ಲಿ ಪಾಲು," ಎಂದಳು ದುಗ್ಗಿ.

ಸೂರಮಾವ ಮುಖ ತಿರುಗಿಸಿದ. ಮರಿ ಏಡಿಗಳು ಬಂದವು. ಆಮೇಲೆ ಅವುಗಳ ತಾಯಂದಿರು ಬಂದರು. ಸಾಲಾಗಿ ನಿಂತು ಎಳೆದರು. ನಮ್ಮಲ್ಲಿ ಊರೆಲ್ಲ ಸೇರಿ ದಡಕ್ಕೆ ರಂಪಣಿ ಬಲೆ ಎಳೆಯುವಾಗ ದಾರಿಹೋಕ ಬಂದು ಹಗ್ಗ ಮುಟ್ಟಿದರೂ ಮೀನಿನ ಪಾಲು ಕೊಡುತ್ತೇವಲ್ಲ, ಆ ಪದ್ಧತಿ ನಾವು ಏಡಿಗಳಿಂದ ಕಲಿತದ್ದು. ಬೇರೆ ಯಾರಾದರೂ ಬೇರೆ ಹೇಳಿದರೆ ನಂಬಬೇಡ.

ಅಮಾಸೆಯ ಉಬ್ಬರ ಬಂತು. ಬಂದು, ಬಳ್ಳಿಯನ್ನು ಎಳೆದು ನೋಡಿತು. ಬಳ್ಳಿ ಬಿಡಲಿಲ್ಲ. ಮರಳೂ ಮೊದಲ ಸಲ ಕೂತಲ್ಲೇ ಕೂತಿತು. ಇಷ್ಟು ಸುಖ ಇರುತ್ತದೆ ಎಂದು ಗೊತ್ತೇ ಇರಲಿಲ್ಲ ಎಂದು ನಿಟ್ಟುಸಿರು ಬಿಟ್ಟಿತಂತೆ. ನೀರು ಇಳಿದು ಹೋಯಿತು.

ದುಗ್ಗಿಗೆ ಮಾತ್ರ ನೆಟ್ಟಗೆ ನಡೆಯಲು ಬರಲೇ ಇಲ್ಲ. ಅಲೆಯ ಮೇಲೆ ಬಿಗಿದ ಕಾಲು ಹಾಗೇ ಅಡ್ಡಕ್ಕೆ ಕೂತುಬಿಟ್ಟಿತ್ತು. ಎಲೆ ಹಿಡಿದ ಕೊಂಬು ಊದಿ ಇನ್ನೊಂದಕ್ಕಿಂತ ದಪ್ಪವಾಗಿತ್ತು. ಕುಲದ ಪಂಚಾಯ್ತಿ ಕೂತಿತು. ಇವಳು ಬಳ್ಳಿ ತಂದದ್ದು ಸರಿ, ಆದರೆ ಈ ಸೊಟ್ಟ ನಡಿಗೆ ನಮ್ಮಲ್ಲಿ ನಡೆಯದು, ಇವಳು ಬೇರೆ ದಂಡೆ ನೋಡಿಕೊಳ್ಳಲಿ ಎಂದ ಸೂರಮಾವ. ಅವನದೇ ಮಾತು ತಾನೇ.

ಆಗ ಬಿಲದೊಳಗಿಂದ ದುಗ್ಗಿಯ ಅಮ್ಮ ತೆವಳಿಕೊಂಡು ಹೊರಗೆ ಬಂದಳು. ಹೊಸ ಚಿಪ್ಪು ಆಗಷ್ಟೇ ಗಟ್ಟಿಯಾಗಿ ಹೊಳೆಯುತ್ತಿತ್ತು. ಹೊಸ ಕಾಲಿನಲ್ಲಿ ಇನ್ನೂ ಒಂದು ಹೆಜ್ಜೆಯೂ ಇಟ್ಟಿರಲಿಲ್ಲ. ಅಣ್ಣನನ್ನು ನೋಡಿದಳು. ಮಗಳ ಮುರಿದ ಕಾಲು ನೋಡಿದಳು. ಎಲೆಯ ತುದಿಯ ಸೀಳು ನೋಡಿದಳು.

"ಇವಳು ಹೋಗುವ ದಂಡೆಗೆ ನಾನೂ ಹೋಗುತ್ತೇನೆ ಅಣ್ಣ," ಎಂದಳು. ಎಂದವಳೇ ಮೊದಲ ಹೆಜ್ಜೆಯನ್ನು ಅಡ್ಡಕ್ಕೆ ಇಟ್ಟಳು.

ಬಳ್ಳಿ ಎಳೆದ ಮರಿಗಳೆಲ್ಲ ಅವಳ ಹಿಂದೆ ಅಡ್ಡಡ್ಡ ಹೊರಟವು. ತಾಯಂದಿರು ಹೊರಟರು. ದಂಡೆಯ ಮೇಲೆ ಸೂರಮಾವ ಒಬ್ಬನೇ ಉಳಿದ, ನೆಟ್ಟಗೆ. ಅವರನ್ನು ತಡೆಯಲು ನೆಟ್ಟಗೇ ಓಡಿ ಬಂದ, ಅಡುಂಬಿಗೆ ಕಾಲು ಸಿಕ್ಕಿ ಮಗುಚಿ ಬಿದ್ದ. ಎದ್ದ, ಮತ್ತೆ ಬಿದ್ದ. ಆಮೇಲೆ ಆಚೀಚೆ ನೋಡಿ, ಯಾರೂ ನೋಡುತ್ತಿಲ್ಲ ಎಂದುಕೊಂಡು, ಮೆಲ್ಲಗೆ ಅಡ್ಡ ತಿರುಗಿದ. ನನ್ನ ಅಜ್ಜನ ಅಜ್ಜ ನೋಡುತ್ತಿದ್ದ, ಅದು ಅವನಿಗೆ ಗೊತ್ತಾಗಲಿಲ್ಲ. ಮಾವನೇ ಅಡ್ಡ ತಿರುಗಿದ ಮೇಲೆ ದುಗ್ಗಿಯ ಕಡೆಯವರು ಯಾರೂ ಬೇರೆ ದಂಡೆಗೆ ಹೋಗಬೇಕಾಗಲಿಲ್ಲ.

ಇಂಚರಾ ಒಂದು ಅಡುಂಬಿನ ಎಲೆ ಕಿತ್ತು ತುದಿಯ ಸೀಳಿಗೆ ಬೆರಳಿಟ್ಟು ನೋಡಿದಳು. ಆಮೇಲೆ ಎದ್ದು, ಚಡ್ಡಿಗೆ ಹತ್ತಿದ ಮರಳು ಕೊಡವಿ, ಹಲಗೆ ಎತ್ತಿಕೊಂಡು ನೀರಿಗಿಳಿದಳು.

ಅದಕ್ಕೇ ಮಗಾ, ಇವತ್ತಿಗೂ ದಂಡೆಯ ಏಡಿ ಒಂದು ದಪ್ಪ ಕೊಂಬು ಎತ್ತಿಕೊಂಡು ಅಡ್ಡಡ್ಡವೇ ಓಡುತ್ತದೆ, ಅದರ ಬಿಲದ ಮೇಲೆ ಮರಳನ್ನು ಬಿಗಿಯಾಗಿ ಹಿಡಿದು ಮಲಗಿದ ಅಡುಂಬಿನ ಒಂದೊಂದು ಎಲೆಯ ತುದಿಯಲ್ಲೂ ದುಗ್ಗಿ ಬಿಡದೆ ಕಚ್ಚಿದ ಗುರುತು ಕಾಣುತ್ತದೆ.