ವಾರ್ಡಿನಲ್ಲಿ ಮಲಗಿದ್ದ ವಿಮೆಯವರ ಮನುಷ್ಯ

ಹೊಸಪೇಟೆ ಕಡೆ ಹೈವೇ ಪಕ್ಕದ ಒಂದು ನರ್ಸಿಂಗ್ ಹೋಮಿನಲ್ಲಿ ಒಬ್ಬ ಲಾರಿ ಡ್ರೈವರ್ ಎಡಗಾಲು ಆಪರೇಷನ್ ಆಗಿ ಮಲಗಿದ್ದ. ಬಿಲ್ಲು ವಿಮೆಯವರದು, ನರಳಾಟ ಇವನದು. ಬ್ಯಾಂಡೇಜು ಬದಲಿಸಿ ಅಂತ ಕೂಗಿ ಕೂಗಿ ಗಂಟಲು ಒಣಗಿತ್ತು. ಗಾಯ ನಾರುತ್ತಿತ್ತು. ಈ ಕಾಲು ಹೋದರೆ ಕ್ಲಚ್ ಒತ್ತುವವರು ಯಾರು?

ಡಾಕ್ಟರು ಬರಲಿಲ್ಲ. ಮ್ಯಾನೇಜರ್ ಪಂಪಾಪತಿ ಬಂದ. ಕೈಯಲ್ಲಿ ತಪಾಸಣೆಗೆಂದೇ ಬೀರುವಿನಲ್ಲಿ ಕಾದಿಟ್ಟಿದ್ದ ಬೆಡ್‌ಶೀಟು.

"ನಾಳೆ ವಿಮೆಯವರು ಬರ್ತಾರ. ಹೆಂಗ ನೋಡ್ಕೊಂತಾರ ಅಂತ ಕೇಳಿದ್ರ, ಅಳಿಯನ ಹಂಗ ಅನ್ನಬೇಕು. ಇಲ್ಲಾಂದ್ರ ಡಿಸ್ಚಾರ್ಜ್ ಕಾಗದಕ್ಕ ಸಹಿ ಬೀಳಂಗಿಲ್ಲ!"

ಡ್ರೈವರ್ ದನಿ ತಗ್ಗಿಸಿದ. "ನಾಳೆ ಎಲ್ಲಿ ಬಂತ್ರೀ ಸಾಹೇಬ್ರ? ಅವರ ಮನುಷ್ಯ ಆಗಲೇ ಪೇಶಂಟ್ ಆಗಿ ಈ ವಾರ್ಡಿನಾಗ ಮಲಗ್ಯಾನ."

"ಯಾರೋ? ಯಾವ ಬೆಡ್ಡೋ?"

"ಹೇಳಬ್ಯಾಡ ಅಂದಾನ್ರಿ."

ಪಂಪಾಪತಿ ಬೆವೆತುಹೋದ. ಕೆಮ್ಮುವ ಮುದುಕನನ್ನು ನೋಡಿದ. ಗೊರಕೆ ಹೊಡೆಯುವವನನ್ನು ಬಗ್ಗಿ ನೋಡಿದ. ಎಲ್ಲರ ಮೇಲೂ ಅನುಮಾನ! ಗಳಿಗೆಯೊಳಗೆ ಡಾಕ್ಟರು ಓಡಿ ಬಂದರು. ಒಬ್ಬರನ್ನೂ ಬಿಡದೆ ನಾಡಿ ಹಿಡಿದರು. ಬೈಯುತ್ತಿದ್ದ ನರ್ಸಮ್ಮ ಎಲ್ಲರಿಗೂ "ಅಣ್ಣಾರ" ಅಂದಳು. ಮುದುಕ ಸೀನಿದರೂ ಸ್ಟೆತಸ್ಕೋಪು ಎದೆಗೆ ಬಂತು. ಡ್ರೈವರನ ಕೀವು ತೊಳೆದ ಡಾಕ್ಟರು, "ಇನ್ನಷ್ಟು ತಡ ಮಾಡಿದ್ರ ಕಾಲು ತೆಗೀಬೇಕಿತ್ತು" ಅಂತ ತಮ್ಮಷ್ಟಕ್ಕೆ ಗೊಣಗಿದರು.

ಮರುದಿನ ವಿಮೆಯವರು ಬಂದು, ನೋಡಿ, ಹೋದರು. ಪಂಪಾಪತಿ ಡ್ರೈವರನ ಕೈ ಹಿಡಿದುಕೊಂಡ.

"ಈಗಾದ್ರೂ ಹೇಳೋ ಮಾರಾಯಾ, ಅವ ಯಾರು? ಎಲ್ಲರನ್ನೂ ನೋಡಿ ನೋಡಿ ನಮಗ ಸಾಕಾತು!"

"ಹೆಂಗ ಹೇಳ್ಲಿ ಸಾಹೇಬ್ರ? ಹೇಳಿದ್ರ ನಾಳಿಂದ ಅವನೊಬ್ಬನನ್ನೇ ನೋಡ್ತೀರಿ."