ಮೊಣಕೈ ಕೆರೆಗೆ ಆ ಹೆಸರು ಬಂದ ಬಗೆ

ಸಜ್ಜೆಹಾಳಿನ ಪಡುವಣಕ್ಕೆ, ಬೋಳು ಗುಡ್ಡದ ಬುಡದಲ್ಲಿ ಒಂದು ಕೆರೆಯಿದೆ. ಅದನ್ನು ಮೊಣಕೈ ಕೆರೆ ಎಂದು ಕರೆಯುತ್ತಾರೆ. ಹೆಸರು ಕೇಳಿದವರು ಏರಿ ಎಲ್ಲೋ ಮೊಣಕೈಯಂತೆ ಬಾಗಿರಬೇಕು ಎಂದುಕೊಳ್ಳುತ್ತಾರೆ. ಹಾಗೆ ಅಂದುಕೊಳ್ಳುವುದು ಸಹಜವೇ, ಆದರೆ ಏರಿ ಬಾಗಿಲ್ಲ. ಒಂದು ತುದಿಯಲ್ಲಿ ನಿಂತರೆ ಇನ್ನೊಂದು ತುದಿ ನೇರವಾಗಿ ಕಾಣುತ್ತದೆ. ಏರಿ ಎಂದರೆ ನೀರನ್ನು ತಡೆದು ನಿಲ್ಲಿಸುವ ಮಣ್ಣಿನ ದಿಬ್ಬ; ನೀರಿನ ಕಡೆ ಅದರ ಮೈಗೆ ಕಲ್ಲು ಹೊದಿಸಿರುತ್ತಾರೆ. ಬಡಗಣ ತುದಿಯಲ್ಲಿ ತೂಬು, ಅಂದರೆ ಗದ್ದೆಗೆ ನೀರು ಬಿಡುವ ಬಾಯಿ ಇದೆ. ಅದರ ಪಕ್ಕದಲ್ಲಿ ಮೊಳದೆತ್ತರದ ಒಂದು ಕಲ್ಲು ನಿಂತಿದ್ದು, ಅದರ ಮೇಲೆ ಒಬ್ಬಳು ಹುಡುಗಿಯನ್ನು ಕೆತ್ತಿದ್ದಾರೆ. ಅವಳ ಎರಡು ಅಂಗೈಗಳೂ ಕಂಕುಳಲ್ಲಿ ಅಡಗಿವೆ. ಚಳಿಗೆ ಹಾಗೆ ನಿಂತಿದ್ದಾಳೆಂದು ಹೊಸಬರು ತಿಳಿಯುತ್ತಾರೆ. ಅದು ಚಳಿಯಲ್ಲ, ಹೆದರಿಕೆ. ಯಾವ ಹೆದರಿಕೆ ಎಂಬುದನ್ನು ಹೇಳದೆ ಹೆಸರಿನ ಕತೆ ಹೇಳಲು ಬರುವುದಿಲ್ಲ, ಆದ್ದರಿಂದ ಮೊದಲು ಅದನ್ನೇ ಹೇಳುತ್ತೇನೆ.

ಹಿಂದೆ ಒಮ್ಮೆ, ಈ ಸೀಮೆಯನ್ನು ಪಾಳೆಯಗಾರರು ಆಳುತ್ತಿದ್ದಾಗ, ಈ ಕೆರೆಗೆ ಬರೀ ಹೊಸಕೆರೆ ಎಂಬ ಹೆಸರಿತ್ತಂತೆ. ಮುದ್ದಯ್ಯ ಎಂಬುವನು ಇಲ್ಲಿಯ ನೀರುಗಂಟಿ. ತೂಬು ತೆಗೆದು ಮುಚ್ಚುವುದು, ಏರಿ ಕಾಯುವುದು ನೀರುಗಂಟಿಯ ಕೆಲಸ. ಅವನ ಹೆಂಡತಿ ತೀರಿಕೊಂಡಿದ್ದಳು. ಮನೆಯಲ್ಲಿ ಮುದಿ ತಾಯಿ ಕಾಟವ್ವ, ಒಬ್ಬಳೇ ಮಗಳು ಪುಟ್ಟೀರಿ. ಆ ಕಾಲದ ಮಕ್ಕಳಲ್ಲಿ ಹೆದರಿಕೆಗಳಿಗೆ ಬರವಿರಲಿಲ್ಲ. ಹುಣಸೆ ಬೀಜ ನುಂಗಿದರೆ ನೆತ್ತಿಯಲ್ಲಿ ಗಿಡ ಹುಟ್ಟುತ್ತದೆ, ಮಲಗಿದವರನ್ನು ದಾಟಿದರೆ ಅವರ ಬೆಳವಣಿಗೆ ಅಷ್ಟಕ್ಕೇ ನಿಂತುಹೋಗುತ್ತದೆ, ಕುಂಬಳದ ಹೀಚಿಗೆ ಬೆರಳು ತೋರಿಸಿದರೆ ಹೀಚು ಕೊಳೆಯುತ್ತದೆ ಎಂದೆಲ್ಲ ನಂಬಿದ್ದರು. ಎಲ್ಲಕ್ಕಿಂತ ದೊಡ್ಡದು ಹಾವಿನದು. ಹಾವಿಗಾಗಲಿ ಅದರ ಮನೆಗಾಗಲಿ ಬೆರಳು ತೋರಿಸಿದರೆ ತೋರಿಸಿದ ಬೆರಳೇ ಕೊಳೆತು ಬೀಳುತ್ತದೆ. ತಪ್ಪಿ ತೋರಿಸಿದವರು ಹತ್ತು ಬೆರಳನ್ನೂ ಕಚ್ಚಿ ಉಗುಳಬೇಕು. ಮಕ್ಕಳು ಹಾವಿನ ತಂಟೆಗೆ ಹೋಗದಿರಲೆಂದು ಹಿರಿಯರು ಹೇಳಿದ ಮಾತಿರಬಹುದು, ಆದರೆ ಮಕ್ಕಳಿಗೆ ಅದು ಹೇಗೆ ಗೊತ್ತಾಗಬೇಕು?

ಒಂದು ಬೇಸಿಗೆಯಲ್ಲಿ ಕರು ಮೇಯಿಸಲು ಹೋಗಿದ್ದ ಪುಟ್ಟೀರಿ, ಏರಿಯ ಒಳಮೈಯ ಕಲ್ಲಿನ ಸಂದಿಗೆ ನಾಗರಹಾವು ನುಸುಳಿದ್ದನ್ನು ಕಂಡಳು. ಓಡಿಬಂದು ಅಜ್ಜಿಗೆ ಹೇಳಿದಳು. ಕಾಟವ್ವ ಕೇಳಿದ ಮೊದಲ ಮಾತು, "ಬೆರಳು ತೋರ್ಸಿದ್ಯೇನೇ?" ಎಂದು. ತೋರಿಸಿದ್ದಳು, ಅದೂ ಕರುವಿಗೆ ಹಾವು ಕಾಣಲೆಂದು! ಅಜ್ಜಿ ಅವಳನ್ನು ಅಂಗಳದಲ್ಲಿ ಕೂರಿಸಿ ಹತ್ತೂ ಬೆರಳು ಕಚ್ಚಿಸಿದಳು. "ಈ ಸಲ ಉಳ್ಕಂಡೆ ಮಗಾ. ಇನ್ನೊಂದು ಸಲ ತೋರ್ಸಿದ್ರೆ ಕಚ್ಚಿದ್ರೂ ಉಳಿಯಾಕಿಲ್ಲ" ಎಂದಳು. ಹುಡುಗಿ ಅಂದಿನಿಂದ ಕೆರೆಯ ಕಡೆ ಹೋಗುವಾಗ ಕೈಯನ್ನು ಮುಷ್ಟಿ ಕಟ್ಟಿಕೊಂಡೇ ಹೋಗುತ್ತಿದ್ದಳು ಎನ್ನುತ್ತಾರೆ.

ಆ ವರ್ಷ ಮಳೆ ಹಿಡಿದು ಹೊಯ್ಯಿತು. ಕೆರೆ ತುಂಬಿತು. ಒಂದು ಮಧ್ಯಾಹ್ನ ಏರಿಯ ಹಿಂಬದಿಯಲ್ಲಿ, ಅಂದರೆ ಊರಿನ ಕಡೆ, ಕೆಂಪು ನೀರು ಚಿಮ್ಮತೊಡಗಿತು. ತಿಳಿನೀರು ಜಿನುಗಿದರೆ ಭಯವಿಲ್ಲ. ಕೆಂಪು ನೀರು ಬಂದರೆ ಒಳಗಿನ ಮಣ್ಣು ಕೊಚ್ಚಿಬರುತ್ತಿದೆ ಎಂದರ್ಥ. ಹಿಂಬದಿಯಲ್ಲಿ ಮುಚ್ಚಿ ಪ್ರಯೋಜನವಿಲ್ಲ, ನೀರು ಒಳಹೋಗುವ ಬಾಯನ್ನೇ ಮುಚ್ಚಬೇಕು. ಆ ಬಾಯಿ ನೀರಿನಡಿಯಲ್ಲಿತ್ತು. ಮುದ್ದಯ್ಯ ಸೊಂಟಕ್ಕೆ ಹಗ್ಗ ಬಿಗಿದು ಕೆರೆಗಿಳಿದು, ಕಲ್ಲುಗಳ ನಡುವೆ ಕಾಲಿನಿಂದ ತಡಕುತ್ತ ಹೋದ. ಊರಗೌಡ ಬೋರಪ್ಪ ನಾಲ್ಕಾರು ಜನರೊಡನೆ ಹಗ್ಗ ಹಿಡಿದ. ಏರಿಯ ನೆತ್ತಿ ನಡುವೆ ಕುಸಿಯತೊಡಗಿದ್ದರಿಂದ ಉಳಿದವರನ್ನೆಲ್ಲ ತೂಬಿನ ಹತ್ತಿರವೇ ತಡೆದು ನಿಲ್ಲಿಸಿದ್ದರು. ಅಲ್ಲಿಂದ ಪುಟ್ಟೀರಿ, "ಅಪ್ಪಾ, ಹಾವಿನ ಮನೆ! ಅದೇ ತೂತು!" ಎಂದು ಕೂಗಿಕೊಂಡಳು.

"ಎಲ್ಲವ್ವಾ?" ಎಂದ ಮುದ್ದಯ್ಯ. "ಲಕ್ಕಿ ಗಿಡದ ತಾವ!" ಎಂದಳು. ಏರಿಯ ಉದ್ದಕ್ಕೂ ಲಕ್ಕಿ ಗಿಡಗಳೇ ಇದ್ದವು, ಆದ್ದರಿಂದ ಆ ಮಾತಿನಿಂದ ಏನೂ ತಿಳಿಯಲಿಲ್ಲ. "ಕೈ ಮಾಡಿ ತೋರ್ಸೇ ತಾಯಿ, ಹೊತ್ತಿಲ್ಲ!" ಎಂದು ಬೋರಪ್ಪ ಅರಚಿದ. ಹುಡುಗಿಯ ಕೈಗಳು ಮೇಲೇಳುವ ಬದಲು ಕಂಕುಳ ಸೇರಿದವು. ಅಷ್ಟರಲ್ಲಿ ಒಂದು ಕಲ್ಲು ಜಾರಿ ಮುದ್ದಯ್ಯ ಗಂಟಲವರೆಗೆ ಮುಳುಗಿದ. ಪುಟ್ಟೀರಿಗೆ ಅಪ್ಪನೂ ಬೇಕು, ಬೆರಳೂ ಬೇಕು. ಅವಳು ಕೈ ತೆಗೆಯಲೇ ಇಲ್ಲ; ಮೈಯನ್ನೇ ತಿರುಗಿಸಿ, ಬಾಣ ಹೂಡಿದಂತೆ ಮೊಣಕೈಯನ್ನು ಗುರಿಯಿಟ್ಟು, "ಅಗೋ! ಇನ್ನೂ ಆಚೆ! ಅಲ್ಲೇ, ಅಲ್ಲೇ!" ಎಂದು ಚೀರಿದಳು. ಮುದ್ದಯ್ಯ ಮೊಣಕೈ ತೋರಿದ ಕಡೆಗೆ ಸರಿದ. ಕಾಲು ಸೆಳೆತಕ್ಕೆ ಸಿಕ್ಕಿತು. ಮುಳುಗಿ, ತೋಳನ್ನು ಸಂದಿಗೆ ತೂರಿಸಿ ಬಾಯಿ ಇದೇ ಎಂದು ಖಚಿತ ಮಾಡಿಕೊಂಡು, ಮೇಲಿನವರು ಇಳಿಸಿದ ಹುಲ್ಲಿನ ಸಿವುಡು, ಜೇಡಿಮಣ್ಣು, ಕಲ್ಲುಗಳನ್ನು ಒಂದರ ಮೇಲೊಂದು ಜಡಿದ. ಹಿಂಬದಿಯಲ್ಲಿ ಕೆಂಪು ನೀರು ಸಣ್ಣಗಾಗಿ, ತಿಳಿಯಾಗಿ, ನಿಂತಿತು.

ಮೇಲೆ ಬಂದ ಮುದ್ದಯ್ಯ, "ಕೈಗೇನಾಗಿತ್ತೇ ನಿಂಗೆ?" ಎಂದು ಕೇಳಿದ. ಹುಡುಗಿ ಅಳುತ್ತ ಕಾರಣ ಹೇಳಿದಳು. ಅಷ್ಟು ಹೊತ್ತು ಉಸಿರು ಬಿಗಿಹಿಡಿದಿದ್ದ ಜನರೆಲ್ಲ ನೆಲಕ್ಕೆ ಕುಸಿದು ಕೂತು ನಕ್ಕರು. "ನಗ್ರಪ್ಪಾ ನಗ್ರಿ," ಎಂದಳು ಕಾಟವ್ವ, "ಬೆರಳೂ ಉಳೀತು, ಏರೀನೂ ಉಳೀತು." ಪುಟ್ಟೀರಿ ಮಾತ್ರ ನಗಲಿಲ್ಲ. ಅಪ್ಪ ಬೆರಳು ತೋರಿಸುವುದಿರಲಿ, ಇಡೀ ತೋಳನ್ನೇ ಹಾವಿನ ಮನೆಗೆ ತೂರಿಸಿದ್ದನಲ್ಲ! ಅವಳು ಅಲ್ಲೇ ಅವನ ಹತ್ತೂ ಬೆರಳನ್ನು ತಾನೇ ಕಚ್ಚಿದಳಂತೆ. ಮರುದಿನ ಬೆಳಗ್ಗೆ ಅವಳು ಕೇಳದೆಯೇ ಅವನು ಅಂಗೈ ಚಾಚಿದ. ಅವಳು ಒಂದೊಂದೇ ಬೆರಳು ಮಡಿಸಿ ನೋಡಿದಳು, ಎಲ್ಲವೂ ಇದ್ದವು. ಆಗ ನಕ್ಕಳು.

ಊರಗೌಡ ಆ ಕಲ್ಲು ಕೆತ್ತಿಸಿ ನಿಲ್ಲಿಸಿದ ಎನ್ನುತ್ತಾರೆ. ಅದರ ಎಡ ಮೊಣಕೈ ನೆಟ್ಟ ಕಡೆ ನೋಡಿದರೆ, ಕಪ್ಪು ಕಲ್ಲುಗಳ ನಡುವೆ ಬಿಳಿಗಲ್ಲಿನ ತೇಪೆಯೊಂದು ನೀರಿಳಿದಾಗ ಈಗಲೂ ಕಾಣುತ್ತದೆ. ಮುದ್ದಯ್ಯ ಮುಚ್ಚಿದ ಬಾಯಿ ಅದೇ. ಮಕ್ಕಳು ಮುಟ್ಟಿ ಮುಟ್ಟಿ ಕಲ್ಲಿನ ಮೊಣಕೈ ನುಣ್ಣಗಾಗಿದೆ. ಈಗ ಯಾರ ಬೆರಳೂ ಕೊಳೆಯುವುದಿಲ್ಲವೆಂದು ಊರಿಗೆಲ್ಲ ಗೊತ್ತು. ಆದರೂ ಸಜ್ಜೆಹಾಳಿನ ಬಸ್ಸು ನಿಲ್ಲುವಲ್ಲಿ ಇಳಿದು ಕೆರೆ ಎಲ್ಲಿ ಎಂದು ಕೇಳಿ ನೋಡಿ. ಎರಡು ಕೈಯೂ ಖಾಲಿಯಿದ್ದವರು ಕೂಡ ಮೊಣಕೈಯನ್ನೇ ಎತ್ತುತ್ತಾರೆ.